ಎಡಗೈ ಅಳತೆಗೆ ಆರಿಸಿದ ಕ್ಯಾಮೆರಾ

ಜೂನ್ 4

ಅಮ್ಮನವರಿಗೆ,

ನಮಸ್ಕಾರ. ಆರು ವರ್ಷದ ಹಿಂದಿನ ಒಂದು ಲಕೋಟೆಯ ಮೇಲಿದ್ದ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀವು ಈಗಲೂ ಅಲ್ಲೇ ಇದ್ದೀರಿ, ಹಳೆಯ ಕ್ಯಾಮೆರಾ, ರೇಡಿಯೊ, ಫ್ಯಾನು ಎಲ್ಲ ಕೊಂಡು ಮಾರುತ್ತೀರಿ ಎಂದು ಅಪ್ಪ ಹೇಳಿದರು.

ನಾನು ಹಳೆಯ ಕಟ್ಟಡಗಳ ದಾಖಲೆ ಇಡುವ ಒಂದು ಕಚೇರಿಯಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದೇನೆ. ಕಟ್ಟಡಗಳ ಫೋಟೋ ತೆಗೆಯಲು ಬಂದರೆ ಕೆಲಸ ಕಾಯಂ ಆಗುತ್ತದೆ. ಅದಕ್ಕೆ ಭಾನುವಾರದ ಫೋಟೋಗ್ರಫಿ ತರಗತಿಗೆ ಸೇರಿದ್ದೇನೆ. ಜುಲೈ 7ಕ್ಕೆ ಶುರು, ವೇಳೆ ಮತ್ತು ವಿಳಾಸ ಇರುವ ಕರಪತ್ರ ಇದರ ಜೊತೆಗಿದೆ. ಮೇಷ್ಟ್ರು ಹೇಳಿರುವುದು ಇಷ್ಟು: ಫಿಲಂ ಕ್ಯಾಮೆರಾ, ಎಲ್ಲವನ್ನೂ ಕೈಯಿಂದಲೇ ತಿರುಗಿಸುವಂಥದ್ದು, ಐವತ್ತು ಎಂಎಂ ಲೆನ್ಸ್, ಬೆಳಕಿನ ಮೀಟರ್ ಕೆಲಸ ಮಾಡುತ್ತಿರಬೇಕು. ಹೊಸದು ನನ್ನ ಕೈಗೆ ಎಟಕುವುದಿಲ್ಲ. ನನ್ನ ಬಳಿ ಒಂದೂವರೆ ಸಾವಿರ ಇದೆ.

ಅಂಥದ್ದು ನಿಮ್ಮಲ್ಲಿ ಇದ್ದರೆ ತಿಳಿಸಿ. ಇಲ್ಲದಿದ್ದರೂ ಚಿಂತೆಯಿಲ್ಲ.

ಇಂತಿ,
ನಿಮ್ಮ ಮಗಳು


ಜೂನ್ 9

ಗುಬ್ಬಿ,

ನಿನ್ನ ಪತ್ರ ತಲುಪಿತು. ಅಂಚೆಯವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಕ್ಕಾ, ಬಿಲ್ಲಲ್ಲ, ನೋಟೀಸಲ್ಲ, ಕೈಬರಹ. ಯಾರದ್ದು?" ಅಂದ. "ಗಿರಾಕಿದು" ಅಂದೆ. ಸುಳ್ಳೇನಲ್ಲವಲ್ಲ.

ಉದ್ದಕ್ಕೂ 'ನೀವು' ಎಂದಿದ್ದೀಯ. ಗಿರಾಕಿಗಳೂ ಹಾಗೆಯೇ, ಚೌಕಾಸಿ ಶುರುವಾಗುವ ತನಕ ಬಹುವಚನ. ಇರಲಿ. ಅಕ್ಷರ ಬದಲಾಗಿದೆ. ಮುಂಚೆ ಕಡಲೆ ಜೋಡಿಸಿಟ್ಟ ಹಾಗೆ ದುಂಡಗಿತ್ತು, ಈಗ ಹಗ್ಗದ ಮೇಲಿನ ಬಟ್ಟೆಯಂತೆ ಒಂದೇ ಕಡೆ ವಾಲುತ್ತದೆ. ಕಚೇರಿ ಸೇರಿದರೆ ಅಕ್ಷರವೂ ಆತುರ ಕಲಿಯುತ್ತದೆ ಎಂದು ಕಾಣುತ್ತದೆ.

ಈಗ ವ್ಯಾಪಾರದ ಮಾತು. ಹಳೆಯ ಕ್ಯಾಮೆರಾ ಕೊಳ್ಳಲು ಬಂದವರು ಮೊದಲು ಅದರ ಮೈ ನೋಡುತ್ತಾರೆ. ಗೀರಿಲ್ಲ, ಹೊಳೆಯುತ್ತದೆ, ತೊಗಲಿನ ಚೀಲವಿದೆ ಅಂದರೆ ಮುಗಿಯಿತು, ಎತ್ತಿಕೊಂಡು ಹೋಗುತ್ತಾರೆ. ನಾನು ಕ್ಯಾಮೆರಾದ ಹಿಂಬಾಗಿಲು ತೆಗೆದು, ಶಟರನ್ನು ಒಂದು ಸೆಕೆಂಡಿಗೆ ಇಟ್ಟು, ಕಿವಿಗೆ ಹಿಡಿದು ಗುಂಡಿ ಒತ್ತುತ್ತೇನೆ. ಸರಿಯಿದ್ದರೆ ಉಸಿರು ಬಿಟ್ಟ ಹಾಗೆ ಸದ್ದು ಬರುತ್ತದೆ. ಕೆಟ್ಟಿದ್ದರೆ ಮಧ್ಯದಲ್ಲಿ ಒಂದು ಬಿಕ್ಕಳಿಕೆ.

ಸದ್ಯಕ್ಕೆ ನನ್ನಲ್ಲಿ ಮೂರಿವೆ. ಮೊದಲನೆಯದು ಮದುವೆ ಫೋಟೋ ತೆಗೆಯುತ್ತಿದ್ದವರದ್ದು. ಮೈಯೆಲ್ಲ ಸವೆದು ಹಿತ್ತಾಳೆ ಕಾಣುತ್ತಿದೆ, ಶಟರ್ ಗಟ್ಟಿಮುಟ್ಟಾಗಿದೆ, ಆದರೆ ಕೊರಳಿಗೆ ಹಾಕಿಕೊಂಡರೆ ಬೆನ್ನು ಬಾಗಬೇಕು. ಮೀಟರಿನ ಮುಳ್ಳು ಬೇರೆ ಸತ್ತಿದೆ. ಎರಡನೆಯದು ಒಬ್ಬ ಡಾಕ್ಟರರದ್ದು. ಪೆಟ್ಟಿಗೆ, ರಸೀದಿ ಸಮೇತ ಇದೆ, ಹತ್ತು ರೋಲೂ ಓಡಿಲ್ಲ. ಅದನ್ನು ನಿನಗೆ ಕೊಡುವುದಿಲ್ಲ. ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಒಳಗಿನ ಎಣ್ಣೆ ಅಂಟಾಗಿ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಮೂರನೆಯದು ಒಬ್ಬ ಶಾಲಾ ಟೀಚರದ್ದು. ಚಿಕ್ಕದು, ಹಗುರ, ಒಂದು ಮೂಲೆ ನೆಗ್ಗಿದೆ. ಮೀಟರ್ ಜೀವಂತ.

ಇವುಗಳಲ್ಲಿ ಯಾವುದೆಂದು ಕಾಗದದಲ್ಲಿ ತೀರ್ಮಾನಿಸಲಾಗದು, ಕೈಯಲ್ಲಿ ಹಿಡಿದು ನೋಡಬೇಕು. ಒಂದು ಭಾನುವಾರ ಬಾ. ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿದರೆ ಬೆಳಿಗ್ಗೆ ಇಲ್ಲಿರುತ್ತೀಯ. ಅಂಗಡಿಯ ಹಿಂದೆ ಈಗ ನನಗೊಂದು ಕೋಣೆ ಇದೆ, ಎರಡು ಕಿಟಕಿ. ಬೆಲೆಯ ಮಾತು ನೀನು ಬಂದ ಮೇಲೆ.

ಅಮ್ಮ


ಜೂನ್ 15

ಅಮ್ಮನವರಿಗೆ,

ನಿಮ್ಮ ಪತ್ರ ಬಂತು. ಬೆಲೆ ಬಂದ ಮೇಲೆ ಎಂದಿದ್ದೀರಿ. ಬರುವುದೇ ಬೆಲೆ ಎಂದು ನನಗೆ ಅರ್ಥವಾಯಿತು.

ಕ್ಯಾಮೆರಾ ಕೇಳಿದ್ದೇನೆ, ಅಷ್ಟೇ. ನೀವು ಬೇರೆ ಗಿರಾಕಿಗಳಿಗೆ ಹೇಗೆ ಮಾರುತ್ತೀರೋ ಹಾಗೆಯೇ ನನಗೂ ಮಾರಿದರೆ ಸಾಕು. ಅದಾಗದಿದ್ದರೆ ಇಲ್ಲೇ ಎಲ್ಲಾದರೂ ನೋಡಿಕೊಳ್ಳುತ್ತೇನೆ. ತರಗತಿಗೆ ಇನ್ನು ಮೂರು ವಾರ ಮಾತ್ರ ಇದೆ.

ನಿಮ್ಮ ಮಗಳು


ಜೂನ್ 19

ಗುಬ್ಬಿ,

ನನ್ನ ಪಕ್ಕದ ಅಂಗಡಿ ಗಡಿಯಾರ ರಿಪೇರಿಯವರದ್ದು. ವಯಸ್ಸಾದವರು, ನಾನು ಈ ಬೀದಿಗೆ ಬಂದ ದಿನದಿಂದ ನನ್ನ ವ್ಯಾಪಾರಕ್ಕೆ ಪುಕ್ಕಟೆ ಸಲಹೆಗಾರರು. ನಿನ್ನ ಪತ್ರದ ವಿಷಯ ಹೇಳಿದೆ. "ಅಲ್ಲ ಅಕ್ಕೋರೆ, ಗಿರಾಕಿಗೆ ಬೆಲೆ ಹೇಳೋದು ಬಿಟ್ಟು ಬಸ್ಸಿನ ಟೈಮ್ ಹೇಳಿದ್ರಾ? ಚೆನ್ನಾಗ್ ಮಾಡಿದ್ರಿ ವ್ಯಾಪಾರ" ಅಂದರು.

ಆದ್ದರಿಂದ ಬೆಲೆ ಹೇಳುತ್ತೇನೆ. ಟೀಚರಮ್ಮನ ಕ್ಯಾಮೆರಾ ಬೇರೆಯವರಿಗೆ ಎರಡು ಸಾವಿರ, ನಿನಗೆ ಒಂದು ಸಾವಿರದ ನಾನೂರು. ಅದು ನನಗೆ ಬಿದ್ದ ಬೆಲೆ. ಸುಮ್ಮನೆ ಕೊಡಬಹುದಿತ್ತು, ಆದರೆ ನೀನು ತೆಗೆದುಕೊಳ್ಳುವುದಿಲ್ಲ. ಅಷ್ಟು ನನಗೆ ಗೊತ್ತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ.

ಬರುವ ಮಾತು ಬಿಡು. ಒಂದು ಕೆಲಸ ಮಾಡು. ಒಂದು ಬಿಳಿ ಹಾಳೆಯ ಮೇಲೆ ಬಲಗೈ ಅಂಗೈ ಕೆಳಗಾಗಿ ಇಟ್ಟು, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸು. ಕ್ಯಾಮೆರಾ ಮಾಡುವವರು ಎಲ್ಲವನ್ನೂ ಬಲಗೈಗೇ ಮಾಡಿದ್ದಾರೆ. ಗುಂಡಿ ಒತ್ತುವುದು ಬಲಗೈಯ ತೋರುಬೆರಳು. ಕೆಲವದರ ಗುಂಡಿ ಉಬ್ಬಿರುತ್ತದೆ, ಕೆಲವದರದ್ದು ಕುಣಿಯಲ್ಲಿ ಕೂತಿರುತ್ತದೆ. ಅಳತೆ ಸಿಕ್ಕರೆ ತಪ್ಪುವುದಿಲ್ಲ.

ಅಮ್ಮ


ಜೂನ್ 24

ಅಮ್ಮನವರಿಗೆ,

ಹಣ ಮನಿಯಾರ್ಡರ್ ಮಾಡಿದ್ದೇನೆ. ಕೈಯ ಅಳತೆ ಇದರ ಜೊತೆಗಿದೆ. ಇದು ಎಡಗೈ. ಪೆನ್ಸಿಲನ್ನು ಬಲಗೈಯಲ್ಲಿ ಹಿಡಿಯಬೇಕಾಯಿತಲ್ಲ, ಅದಕ್ಕೆ. ಎರಡೂ ಒಂದೇ ಅಳತೆ ತಾನೇ.

ಬೇಗ ಕಳಿಸಿದರೆ ಉಪಕಾರ.

ನಿಮ್ಮ ಮಗಳು


ಜುಲೈ 1

ಗುಬ್ಬಿ,

ಇದರ ಜೊತೆ ಬರುವ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತೆಗೆ, ಮಡಿಲಲ್ಲಿ ಬೇಡ. ಮೂರು ಪದರ ಹಳೆ ಪೇಪರು, ಅದರೊಳಗೆ ನನ್ನದೊಂದು ಸ್ವೆಟರು, ಅದರೊಳಗೆ ಕ್ಯಾಮೆರಾ. ಸ್ವೆಟರನ್ನು ವಾಪಸು ಕಳಿಸುವ ಅಗತ್ಯವಿಲ್ಲ.

ನಿನ್ನ ಕೈಯನ್ನು ಕೌಂಟರಿನ ಮೇಲೆ ಹರಡಿ, ಅದರ ಮೇಲೆ ನನ್ನ ಕೈ ಇಟ್ಟು ನೋಡಿದೆ. ಕೊನೆಯ ಸಲ ಬಸ್ ನಿಲ್ದಾಣದಲ್ಲಿ ಹೀಗೆ ಅಳತೆ ನೋಡಿದಾಗ ನಿನ್ನ ಬೆರಳು ನನ್ನ ಮೇಲಿನ ಗೆಣ್ಣಿನವರೆಗೆ ಬರುತ್ತಿತ್ತು. ಈಗ ನನ್ನದನ್ನು ದಾಟಿ ಅರ್ಧ ಇಂಚು ಹೊರಗೆ ಹೋಗಿದೆ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು "ಏನಮ್ಮಾ, ಕೈ ನೋಡಿ ಭವಿಷ್ಯನೂ ಹೇಳ್ತೀರಾ?" ಎಂದು ಕೇಳಿದ. "ಹಳೇದು ಮಾತ್ರ ಹೇಳ್ತೀನಿ" ಅಂದೆ.

ನಿನ್ನ ತೋರುಬೆರಳು ಉದ್ದ, ತುದಿ ಸಪೂರ. ಟೀಚರಮ್ಮನ ಕ್ಯಾಮೆರಾದ ಗುಂಡಿ ಕುಣಿಯಲ್ಲಿ ಕೂತಿರುವಂಥದ್ದು. ದಪ್ಪ ಬೆರಳಿನವರಿಗೆ ಆಗದು. ನಿನಗೆಂದೇ ಮಾಡಿದ ಹಾಗಿದೆ. ಬೆರಳಿನ ತುದಿಯನ್ನು ಅದರ ಮೇಲೆ ಸುಮ್ಮನೆ ಇಡು, ಉಸಿರು ಬಿಡುತ್ತಾ ಇಳಿಸು. ಕುಟ್ಟಬೇಡ.

ಮೂರು ದಿನ ಪರೀಕ್ಷೆ ಮಾಡಿದ್ದೇನೆ. ಒಳಗೆ ಬೆಳಕು ನುಗ್ಗದಂತೆ ತಡೆಯುವ ಹಿಂಬಾಗಿಲಿನ ಸ್ಪಂಜು ಹೊಸದು ಅಂಟಿಸಿದ್ದೇನೆ. ಒಂದು ರೋಲು ಓಡಿಸಿದೆ, ಅದರ ಪ್ರಿಂಟುಗಳನ್ನೂ ಇಟ್ಟಿದ್ದೇನೆ, ನಿನ್ನ ಮೇಷ್ಟ್ರಿಗೆ ತೋರಿಸು. ಬೀದಿ, ಗಡಿಯಾರದವರು, ತಕ್ಕಡಿ, ಮತ್ತೆ ಹಿಂದಿನ ಕೋಣೆ ನಾಲ್ಕು ಸಲ. ಮಂಚ ಒಂದು ಮೂಲೆಯಿಂದ, ಇನ್ನೊಂದು ಮೂಲೆಯಿಂದ, ಕಿಟಕಿಗಳು ಬೇರೆ ಬೇರೆ. ಕಡಿಮೆ ಬೆಳಕಿನಲ್ಲಿ ಹೇಗೆ ಬರುತ್ತದೆ ಎಂದು ನೋಡಲು ತೆಗೆದದ್ದು, ಬೇರೇನಿಲ್ಲ.

ಅಮ್ಮ


ಜುಲೈ 20

ಅಮ್ಮನವರಿಗೆ,

ಎರಡು ತರಗತಿ ಮುಗಿದವು. ಮೊದಲ ರೋಲು ತೊಳೆದು ಬಂತು. ಮೂವತ್ತಾರರಲ್ಲಿ ಇಪ್ಪತ್ತೊಂಬತ್ತು ಅಲುಗಿವೆ. ಮೇಷ್ಟ್ರು ಎಲ್ಲರ ಮುಂದೆ ಎತ್ತಿ ಹಿಡಿದು, "ಇದೇನಮ್ಮಾ, ಭೂಕಂಪದ ದಿನ ತೆಗೆದಿದ್ದಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯ ರೋಲೂ ಹಾಗೆಯೇ ಆಗಿದೆ. ಬಿಸಿಲಿನಲ್ಲಿ ತೆಗೆದವು ಪರವಾಗಿಲ್ಲ, ಕಟ್ಟಡದ ಒಳಗೆ ತೆಗೆದದ್ದು ಒಂದೂ ಉಳಿದಿಲ್ಲ. ನನ್ನ ಕಚೇರಿಗೆ ಬೇಕಾದದ್ದು ಒಳಗಿನ ಚಿತ್ರಗಳೇ. ಸೆಪ್ಟೆಂಬರ್ ಹದಿನೈದಕ್ಕೆ ಹನ್ನೆರಡು ಒಳ್ಳೆಯ ಚಿತ್ರ ಒಪ್ಪಿಸದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ.

ಕ್ಯಾಮೆರಾಕ್ಕೆ ವಯಸ್ಸಾಗಿದೆ ಎಂದು ಕಾಣುತ್ತದೆ. ನಿಮ್ಮನ್ನು ದೂರುತ್ತಿಲ್ಲ. ವಾಪಸು ತೆಗೆದುಕೊಳ್ಳುತ್ತೀರಾ?

ನಿಮ್ಮ ಮಗಳು


ಜುಲೈ 24

ಮಗಳೇ,

ಆ ಕ್ಯಾಮೆರಾಕ್ಕೆ ವಯಸ್ಸಾಗಿಲ್ಲ. ನಿನ್ನ ಪತ್ರ ಬಂದ ಮೇಲೆ ಪರೀಕ್ಷೆಯ ರೋಲಿನ ನೆಗೆಟಿವ್‌ಗಳನ್ನು ಮತ್ತೆ ಭೂತಗನ್ನಡಿಯಲ್ಲಿ ನೋಡಿದೆ. ಮಂಚದ ಮೇಲಿನ ಹೊದಿಕೆಯ ನೇಯ್ಗೆ ಎಣಿಸಬಹುದು. ಕೆಟ್ಟ ಸಾಮಾನನ್ನು ನಾನು ಶತ್ರುವಿಗೂ ಕಟ್ಟಿಲ್ಲ.

ವಾಪಸು ಬೇಕಾದರೆ ತೆಗೆದುಕೊಳ್ಳುತ್ತೇನೆ. ಅದಕ್ಕೆ ಮೊದಲು ನೆಗೆಟಿವ್ ಕಳಿಸು. ಪ್ರಿಂಟು ಬೇಡ, ಪ್ರಿಂಟಿನಲ್ಲಿ ಅಂಗಡಿಯವನ ಕೈಚಳಕವೂ ಸೇರಿರುತ್ತದೆ.

ಇನ್ನೊಂದು ಮಾತು, ಬರೆಯಬಾರದೆಂದು ಎರಡು ದಿನ ತಡೆದೆ. ಆರು ವರ್ಷದ ಹಿಂದೆ ನಾನು ಸಾಲಾಗಿ ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರ ಬರೆಯದವಳು ಕ್ಯಾಮೆರಾ ಸರಿಯಿಲ್ಲವೆಂದು ಬರೆಯಲು ಒಂದು ಪುಟ ತುಂಬಿಸಿದ್ದೀಯ.

ಅಮ್ಮ


ಜುಲೈ 29

ನೆಗೆಟಿವ್ ಇಟ್ಟಿದ್ದೇನೆ. ಎರಡು ರೋಲು.

ಮೂರು ಪತ್ರಗಳೂ ಬಂದಿದ್ದವು. ಓದಿದ್ದೆ.


ಆಗಸ್ಟ್ 5

ಗುಬ್ಬಿ,

ನಿನ್ನ ನೆಗೆಟಿವ್‌ಗಳನ್ನು ಅಂಗಡಿಯ ಗಾಜಿಗೆ ಅಂಟಿಸಿ ಬೆಳಿಗ್ಗೆಯಿಂದ ಒಂದೊಂದಾಗಿ ನೋಡಿದೆ. ಎಪ್ಪತ್ತೆರಡು ಚಿತ್ರ. ಹೊರಗಿನಿಂದ ನೋಡಿದವರಿಗೆ ನಾನು ಕಿಟಕಿ ಒರೆಸುತ್ತಿದ್ದೇನೆ ಅನ್ನಿಸಿರಬೇಕು.

ಲೆನ್ಸು ಕೆಟ್ಟಿದ್ದರೆ ಚಿತ್ರದ ಒಂದು ಅಂಚು ಮಾತ್ರ ಮಸುಕಾಗುತ್ತದೆ. ಫೋಕಸ್ ತಪ್ಪಿದ್ದರೆ ದೀಪಗಳು ಹಿಟ್ಟಿನ ಉಂಡೆಯ ಹಾಗೆ ದುಂಡಗೆ ಊದಿಕೊಳ್ಳುತ್ತವೆ. ಕೈ ನಡುಗಿದ್ದರೆ ಒಂದೊಂದು ಚಿತ್ರ ಒಂದೊಂದು ಕಡೆಗೆ ಅಲುಗಿರುತ್ತದೆ. ನಿನ್ನ ಅಲುಗಿದ ಚಿತ್ರಗಳು ಹಾಗಿಲ್ಲ. ಮೆಟ್ಟಿಲು, ಕಂಬ, ದೀಪ, ಕಿಟಕಿ, ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಉದ್ದಕ್ಕೆ ಓರೆಯಾಗಿ ಎಳೆದಿವೆ. ಅಂದರೆ ಗುಂಡಿ ಒತ್ತುವ ಕ್ಷಣಕ್ಕೆ ಕ್ಯಾಮೆರಾದ ಬಲಭಾಗ ಕೆಳಗೆ ಹೋಗುತ್ತಿದೆ. ಪ್ರತಿಸಲವೂ, ಅಷ್ಟೇ. ಬೆರಳಿನ ತುದಿಯಿಂದ ಇಳಿಸಿದರೆ ಹೀಗಾಗದು. ಇಡೀ ಕೈಯಿಂದ ಅದುಮಿದರೆ ಮಾತ್ರ ಆಗುತ್ತದೆ.

ಗಡಿಯಾರದವರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಕ್ಯಾಮೆರಾದಲ್ಲಿ ಏನೂ ಇಲ್ಲ ಅಕ್ಕೋರೆ. ಆ ಕುಣಿಯಲ್ಲಿರೋ ಗುಂಡಿಗೆ ಈ ಬೆರಳು ಎಟಕ್ತಾ ಇಲ್ಲ" ಅಂದರು. ಅವರು ಮೆಲ್ಲಗೆ ಮಾತಾಡುವುದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಬೇರೆಯವರ ಸಾಮಾನಿನಲ್ಲಿ ಕೂದಲೆಳೆ ಗೀರು ಹುಡುಕಿ ನೂರು ಇಳಿಸುವವಳು. ನಿನ್ನ ಅಕ್ಷರ ವಾಲಿದ್ದನ್ನು ಕಂಡೆ, ಆತುರ ಅಂದುಕೊಂಡೆ. ಬಲಗೈ ಕೇಳಿದರೆ ಎಡಗೈ ಬಂತು, ಸರಿ ಅಂದುಕೊಂಡೆ. ಗಿರಾಕಿ ಒಂದು ಮಗ್ಗುಲನ್ನು ಮಾತ್ರ ತೋರಿಸಿದರೆ ಇನ್ನೊಂದು ಮಗ್ಗುಲು ತಿರುಗಿಸಿ ನೋಡದೆ ನಾನು ಎಂದೂ ಬಿಟ್ಟವಳಲ್ಲ.

ಬಲಗೈ ತೋರುಬೆರಳಿಗೆ ಏನಾಗಿದೆ ಮಗಳೇ?

ಅಮ್ಮ


ಆಗಸ್ಟ್ 10

ಅಮ್ಮ,

ಲಿಫ್ಟಿನ ಜಾಲರಿ ಬಾಗಿಲು. ನನಗೆ ಆಗ ಹದಿಮೂರು. ಯಾರ ತಪ್ಪೂ ಅಲ್ಲ, ನಾನೇ ಓಡಿ ಬಂದು ಎಳೆದೆ. ಮೇಲಿನ ಗೆಣ್ಣಿನಿಂದ ಆಚೆಗೆ ಬೆರಳಿಲ್ಲ. ಈಗ ನೋವಿಲ್ಲ, ಚಳಿಯಲ್ಲಿ ಮಾತ್ರ ಸ್ವಲ್ಪ ಜುಮ್ ಅನ್ನುತ್ತದೆ. ಕಚೇರಿಯಲ್ಲಿ ಕೈಯನ್ನು ಕಡತದ ಕೆಳಗೆ ಇಟ್ಟುಕೊಂಡಿರುತ್ತೇನೆ. ಮೇಷ್ಟ್ರಿಗೂ ಹೇಳಿಲ್ಲ. ಹೇಳಿದರೆ 'ಪಾಪ' ಅನ್ನುತ್ತಾರೆ. ಆಮೇಲೆ ಚಿತ್ರ ಹೇಗಿದ್ದರೂ ಚೆನ್ನಾಗಿದೆ ಅನ್ನುತ್ತಾರೆ.

ನಿನ್ನ ಮೊದಲ ಪತ್ರ ಬಂದಾಗ ಕೈಗೆ ಕಟ್ಟು ಹಾಕಿತ್ತು. ಎರಡನೆಯದು ಬಂದಾಗಲೂ. ಐದು ತಿಂಗಳು ಬರೆಯಲಾಗಲಿಲ್ಲ. ಅಪ್ಪ "ನೀನು ಹೇಳು, ನಾನು ಬರೀತೀನಿ" ಅಂದರು. ಬೇಡ ಅಂದೆ. ಅಪ್ಪನ ಅಕ್ಷರ ಕಂಡರೆ ನೀನು ಲಕೋಟೆಯನ್ನೇ ಒಡೆಯುವುದಿಲ್ಲ ಎಂದು ಗೊತ್ತಿತ್ತು. ಸುದ್ದಿ ಮಾತ್ರ ತಿಳಿಸುತ್ತೇನೆ ಅಂದರು, ಅದಕ್ಕೂ ಅತ್ತು, ಬೇಡ ಅಂದೆ. ಬಸ್ ಹತ್ತಿಸುವಾಗ ನೀನು ಅಪ್ಪನಿಗೆ "ಹೇಗೆ ಕಳಿಸ್ತಿದೀನೋ ಹಾಗೇ ಇರ್ಬೇಕು ನನ್ನ ಮಗಳು" ಅಂದಿದ್ದೆ. ನಾನು ಹಾಗೇ ಇರಲಿಲ್ಲ.

ಆಮೇಲೆ ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಪೆನ್ನು ಹಿಡಿದು ಕಲಿತೆ. ಅಕ್ಷರ ಯಾರದ್ದೋ ಅನ್ನುವ ಹಾಗಿತ್ತು. ಸ್ವಲ್ಪ ಸುಧಾರಿಸಲಿ, ನಿನಗೆ ಗೊತ್ತಾಗದಷ್ಟು ದುಂಡಗಾಗಲಿ, ಆಮೇಲೆ ಬರೆಯೋಣ ಅಂದುಕೊಂಡೆ. ಅಷ್ಟರಲ್ಲಿ ನಿನ್ನ ಪತ್ರಗಳು ನಿಂತವು. ನಿನಗೆ ಸಾಕಾಯಿತು ಅಂದುಕೊಂಡೆ.

ಕ್ಯಾಮೆರಾ ವಾಪಸು ಕೊಡುವುದಿಲ್ಲ.

ಗುಬ್ಬಿ


ಆಗಸ್ಟ್ 14

ಗುಬ್ಬಿ,

ಪತ್ರ ಓದಿ ಅಂಗಡಿಯ ಶಟರ್ ಎಳೆದು ಒಳಗೆ ಕೂತೆ. ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕಿದ್ದು ಕಂಡು ಗಡಿಯಾರದವರು ತಟ್ಟಿದರು. "ಏನಾಯ್ತು ಅಕ್ಕೋರೆ, ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದರು. "ಇಲ್ಲ, ಬಂದ್ರು" ಅಂದೆ. ಅವರು ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತು ನನ್ನ ಗಿರಾಕಿಗಳನ್ನು ಸಂಜೆ ಬನ್ನಿ ಎಂದು ಕಳಿಸುತ್ತಿದ್ದರು.

ನಾಲ್ಕನೆಯ ಪತ್ರ ನಾನು ಬರೆಯಲಿಲ್ಲ. ಮೂರು ಸಲ ಕೂಗಿದರೂ ತಿರುಗದವರು ಕೊಳ್ಳುವವರಲ್ಲ, ಇದು ಬೀದಿಯಲ್ಲಿ ಕೂತು ಮಾರುವವರ ನಿಯಮ. ಅದನ್ನು ನಾನು ಹೆತ್ತ ಮಗಳ ಮೇಲೆ ಹಾಕಿದೆ. ನಿನ್ನನ್ನು ಅಪ್ಪನ ಜೊತೆ ಕಳಿಸಿದಾಗ ನನಗಿದ್ದದ್ದು ಇದೇ ಬೀದಿಯಲ್ಲಿ ರಸ್ತೆ ಬದಿಗೆ ಹಾಸಿದ ಒಂದು ಟಾರ್ಪಾಲು. ಅದರ ಮೇಲೆ ಸಾಮಾನಿನ ನಡುವೆ ನಿನ್ನನ್ನು ಕೂರಿಸಲು ಮನಸ್ಸು ಬರಲಿಲ್ಲ. ಒಂದೇ ವರ್ಷ ಅಂದುಕೊಂಡಿದ್ದೆ. ಅಂಗಡಿಯಾಯಿತು, ಕೋಣೆಯಾಯಿತು, ಅಷ್ಟು ಹೊತ್ತಿಗೆ ಕರೆಯುವ ಧೈರ್ಯ ಹೋಗಿತ್ತು. ಹಾಗೇ ಇರಬೇಕು ಎಂದಿದ್ದು ನಿನ್ನಪ್ಪನನ್ನು ಹೆದರಿಸಲು. ನಿನಗೆ ಅದು ಕೇಳಿಸಬಾರದಿತ್ತು.

ಕೆಲಸದ ಮಾತಿಗೆ ಬರುತ್ತೇನೆ. ಗುಂಡಿಯ ನಟ್ಟನಡುವೆ ತಿರುಪಿನ ಒಂದು ಸಣ್ಣ ತೂತಿದೆ ನೋಡು. ಅದಕ್ಕೆ ಹಿತ್ತಾಳೆಯ ಟೊಪ್ಪಿಗೆ ತಿರುಗಿಸಿ ಕೂರಿಸಿದರೆ ಗುಂಡಿ ಕುಣಿಯಿಂದ ಮೇಲೆ ಬರುತ್ತದೆ. ಬೆರಳು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗಡಿಯಾರದವರು ಬೇರೆ ಬೇರೆ ಎತ್ತರಕ್ಕೆ ಐದು ಮಾಡಿದ್ದಾರೆ. ದುಡ್ಡು ಕೊಡಲು ಹೋದರೆ "ಸುಮ್ನೆ ಕೂತ್ಕೊಳ್ಳಿ" ಎಂದು ಗದರಿದರು. ಆದರೆ ಯಾವ ಎತ್ತರ, ಮೇಲೆ ಎಷ್ಟು ತಗ್ಗು ಎನ್ನುವುದನ್ನು ನಿನ್ನ ಬೆರಳಿಗೆ ಇಟ್ಟು, ಅರದಲ್ಲಿ ಉಜ್ಜಿ, ಮತ್ತೆ ಇಟ್ಟು ನೋಡಬೇಕು. ಅಂಚೆಯಲ್ಲಿ ಆಗುವುದಿಲ್ಲ.

ನಿನ್ನನ್ನು ಬಾ ಎನ್ನುವುದಿಲ್ಲ. ನಾನೇ ಬರುತ್ತೇನೆ. ಆಗಸ್ಟ್ 25, ಭಾನುವಾರ. ತರಗತಿ ಹನ್ನೊಂದಕ್ಕೆ ಬಿಡುತ್ತದೆ ಅಲ್ಲವೇ, ಗೇಟಿನ ಹತ್ತಿರ ನಿಂತಿರುತ್ತೇನೆ. ಬೇಡ ಅನ್ನಿಸಿದರೆ ಒಂದು ಸಾಲು ಬರೆ. ಶುಕ್ರವಾರದೊಳಗೆ ಸಿಕ್ಕಿದರೆ ಬಸ್ಸು ಹತ್ತುವುದಿಲ್ಲ, ಐದೂ ಟೊಪ್ಪಿಗೆಗಳನ್ನು ಪಾರ್ಸೆಲ್ ಮಾಡುತ್ತೇನೆ. ಪತ್ರ ಬರದಿದ್ದರೆ ಶನಿವಾರ ಮಧ್ಯಾಹ್ನ ಹೊರಡುತ್ತೇನೆ.

ಅಮ್ಮ


ಆಗಸ್ಟ್ 24, ಶನಿವಾರ ಸಂಜೆ

ಅಮ್ಮ,

ಈ ಪತ್ರ ನಿನಗೆ ತಡವಾಗಿ ಸಿಗಲಿ ಎಂದೇ ಇವತ್ತು ಬರೆಯುತ್ತಿದ್ದೇನೆ. ನಿನ್ನ ಬಸ್ಸು ಹೊರಟು ಮೂರು ಗಂಟೆಯಾಗಿದೆ, ಇನ್ನು ಡಬ್ಬಿಗೆ ಹಾಕಿದರೆ ಅಪಾಯವಿಲ್ಲ.

ಆರು ವರ್ಷ ಬರೆಯದೆ ಇದ್ದವಳಿಗೆ ಈ ಒಂದು ವಾರ ಬರೆಯದೆ ಇರುವುದು ಕಷ್ಟವಾಯಿತು. 'ಬಾ' ಎಂದು ಬರೆಯೋಣ ಅಂದುಕೊಂಡೆ. ಲಕೋಟೆ ಕಂಡ ಕೂಡಲೇ, ಒಳಗೆ 'ಬೇಡ' ಅಂತಲೇ ಇರುತ್ತದೆ ಎಂದುಕೊಂಡು ನೀನು ಅದನ್ನು ಒಡೆಯದೆ ಬ್ಯಾಗು ಬಿಚ್ಚಿಬಿಟ್ಟರೆ? ಒಂದು ಕಾರ್ಡು ಬರೆದು ಹರಿದು ಹಾಕಿದೆ. ನಿನ್ನೆ ಶುಕ್ರವಾರ ನಿನ್ನ ಅಂಚೆಯವನು ಬರಿಗೈಯಲ್ಲಿ ಬಂದದ್ದನ್ನು ಇಲ್ಲಿಂದಲೇ ನೋಡಿದ ಹಾಗಾಯಿತು.

ಒಂದು ವಿಷಯ ಹೇಳಬೇಕು. ನಮ್ಮ ತರಗತಿಯಿಂದ ಮೂರು ಬೀದಿ ಆಚೆಗೆ ಹಳೆಯ ಕ್ಯಾಮೆರಾಗಳ ಅಂಗಡಿ ಇದೆ. ಹೆಸರು ನೋಂದಾಯಿಸಿದ ದಿನವೇ ಮೇಷ್ಟ್ರು ವಿಳಾಸ ಕೊಟ್ಟಿದ್ದರು. ಅಲ್ಲಿ ಹೋಗಿ ನೋಡಿಯೂ ಬಂದಿದ್ದೆ. ಸಾವಿರದ ಇನ್ನೂರಕ್ಕೆ ಒಂದು ಚೆನ್ನಾಗಿಯೇ ಇತ್ತು, ಗುಂಡಿ ಉಬ್ಬಿರುವಂಥದ್ದು. ನನ್ನ ಬೆರಳಿಗೆ ಸರಿಯಾಗಿ ಕೂತಿತು. ಕೆಳಗಿಟ್ಟು ಮನೆಗೆ ಬಂದು ನಿನ್ನ ವಿಳಾಸ ಹುಡುಕಿದೆ.

ಈಗ ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದೇನೆ. ನೀನು ಈಗ ಹೇಗಿದ್ದೀಯ ಎಂದು ನನಗೆ ಗೊತ್ತಿಲ್ಲ. ಕಳಿಸಿದ ಅಷ್ಟೂ ಚಿತ್ರಗಳಲ್ಲಿ ನೀನಿಲ್ಲ, ಕ್ಯಾಮೆರಾದ ಹಿಂದೆ ಇದ್ದೆ. ನಿನಗೂ ನಾನು ಗೊತ್ತಿಲ್ಲ. ಹನ್ನೊಂದಕ್ಕೆ ಆ ಗೇಟಿನಿಂದ ನಲವತ್ತು ಜನ ಒಟ್ಟಿಗೆ ಹೊರಬೀಳುತ್ತಾರೆ, ಹೊರಗೆ ರಸ್ತೆಯ ತುಂಬ ಜನ.

ನೀನು ಇದನ್ನು ಓದುವ ಹೊತ್ತಿಗೆ ಅದೆಲ್ಲ ಆಗಿ ಹೋಗಿರುತ್ತದೆ. ಅದಕ್ಕೇ ಕೇಳುತ್ತಿದ್ದೇನೆ, ತಪ್ಪದೆ ಬರೆದು ತಿಳಿಸು. ಮೊದಲು ಗುರುತು ಹಿಡಿದದ್ದು ಯಾರು, ನೀನೋ ನಾನೋ?

ಗುಬ್ಬಿ